ರಥ ನಿಲ್ಲಿಸುವ ಹಕ್ಕು

ತೇರದಾಳದ ನೇಮಿನಾಥ ಬಸದಿಯನ್ನು ಕಟ್ಟಿಸಿದವನು ಮಂಡಲಿಕ ಗೊಂಕ ಎಂದು 1123ರ ಸುಮಾರಿನ ಶಾಸನ ಹೇಳುತ್ತದೆ. ಕತ್ತಿಯಿಂದಲೇ ಬದುಕಿದ ಸಾಮಂತನೊಬ್ಬ ಇಪ್ಪತ್ನಾಲ್ಕು ತೀರ್ಥಂಕರರಲ್ಲಿ ನೇಮಿಯನ್ನೇ ಆರಿಸಿಕೊಂಡದ್ದು ಯೋಚನೆಗೆ ಹಚ್ಚುವ ಸಂಗತಿ. ನೇಮಿಯ ಕಥೆ ಎಲ್ಲರಿಗೂ ಗೊತ್ತಿರುವಂಥದೇ. ಯಾದವರ ರಾಜಕುಮಾರ, ಕೃಷ್ಣನ ದಾಯಾದಿ, ಮದುವೆಯ ದಿಬ್ಬಣದಲ್ಲಿ ರಥವೇರಿ ರಾಜೀಮತಿಯ ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ ದೊಡ್ಡಿಯೊಳಗೆ ಕೂಡಿಹಾಕಿದ ಪ್ರಾಣಿಗಳ ಆರ್ತನಾದ ಕೇಳುತ್ತದೆ. ಇವೆಲ್ಲ ಏಕೆ ಎಂದು ಕೇಳಿದರೆ, ನಿನ್ನ ಮದುವೆಯ ಊಟಕ್ಕೆ ಎಂಬ ಉತ್ತರ ಬರುತ್ತದೆ. ನೇಮಿ ಅಲ್ಲಿಯೇ ರಥ ನಿಲ್ಲಿಸುತ್ತಾನೆ, ಮದುವೆ ಬಿಟ್ಟು ಗಿರ್ನಾರ್ ಬೆಟ್ಟದ ದಾರಿ ಹಿಡಿಯುತ್ತಾನೆ. ಈ ಕಥೆಯನ್ನು ಸಾಮಾನ್ಯವಾಗಿ ಪ್ರಾಣಿದಯೆಯ ಕಥೆಯಾಗಿ ಓದುತ್ತೇವೆ. ಅದರೊಳಗೆ ಇನ್ನೊಂದು ಎಳೆ ಇದೆ. ನೇಮಿ ತಾನು ಕೊಲ್ಲಲು ಹೊರಟಿರಲಿಲ್ಲ, ಕೊಲ್ಲಿರೆಂದು ಯಾರಿಗೂ ಹೇಳಿರಲಿಲ್ಲ. ಕೊಲೆ ನಡೆಯಲಿದ್ದುದು ಅವನ ಹೆಸರಿನಲ್ಲಿ, ಅವನ ಒಳಿತಿಗೆಂದು, ಅವನನ್ನು ಒಂದು ಮಾತು ಕೇಳದೆ. ಅದು ಗೊತ್ತಾದ ಕೂಡಲೇ ಬೇಡ ಎನ್ನಲು ಅವನಿಗೆ ಆಯಿತು, ಏಕೆಂದರೆ ರಥ ಅವನದು, ಸಾರಥಿ ಅವನ ಮಾತು ಕೇಳುವವನು.

ಕರ್ನಾಟಕದ ಒಂದು ಸಣ್ಣ ಉಗ್ರ ಎಡ ಸಂಘಟನೆಯ ಇತಿಹಾಸವನ್ನು ಅಳೆಯಲು ಇದಕ್ಕಿಂತ ಸರಿಯಾದ ಅಳತೆಗೋಲು ನನಗೆ ಕಾಣುವುದಿಲ್ಲ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಆರು ಮಂದಿ ನಕ್ಸಲರು ಶರಣಾದರು. ಅವರಲ್ಲಿ ನಾಲ್ವರು ಕರ್ನಾಟಕದವರು. ಉಳಿದಿಬ್ಬರು ತಮಿಳುನಾಡು ಮತ್ತು ಕೇರಳದವರು. ಬರುವಾಗ ಅವರ ಕೈಯಲ್ಲಿ ಬಂದೂಕು ಇರಲಿಲ್ಲ. ಆಯುಧಗಳು ಒಂದೆರಡು ದಿನದ ಮೇಲೆ ಕೊಪ್ಪ ತಾಲೂಕಿನ ಕಾಡಿನಲ್ಲಿ ಪೊಲೀಸರಿಗೆ ಸಿಕ್ಕವು. ಫೆಬ್ರುವರಿ ಮೊದಲ ದಿನಗಳಲ್ಲಿ ಇನ್ನಿಬ್ಬರು ಬಂದರು. ರಾಜ್ಯ ನಕ್ಸಲ್‌ಮುಕ್ತವಾಯಿತು ಎಂದು ಸರ್ಕಾರ ಹೇಳಿತು, ಪತ್ರಿಕೆಗಳು ಬರೆದವು. ಪೊಲೀಸ್ ಲೆಕ್ಕದಲ್ಲಿ ಅಧ್ಯಾಯ ಮುಗಿದಿರಬಹುದು. ಆದರೆ ಬಡವರ ನ್ಯಾಯಕ್ಕಾಗಿ ಬಡವರ ಹೆಸರಿನಲ್ಲಿ ಕೊಲ್ಲುವ ಅಧಿಕಾರ ಯಾರಿಗಾದರೂ ಇದೆಯೇ ಎಂಬ ಪ್ರಶ್ನೆ ಮುಗಿದಿಲ್ಲ. ಅದು ರಾಜಕೀಯದ ಪ್ರಶ್ನೆಯಾಗುವ ಮೊದಲೇ ಧರ್ಮದ ಪ್ರಶ್ನೆಯಾಗಿತ್ತು.

ಈ ಗುಂಪಿನ ವಂಶಾವಳಿಯನ್ನು ಚುಟುಕಾಗಿ ಹೇಳಬಹುದು. 1967ರ ನಕ್ಸಲ್‌ಬಾರಿ, 1969ರಲ್ಲಿ ಹುಟ್ಟಿದ ಸಿಪಿಐ (ಎಂಎಲ್), 1980ರಲ್ಲಿ ಆಂಧ್ರದಲ್ಲಿ ಕೊಂಡಪಲ್ಲಿ ಸೀತಾರಾಮಯ್ಯ ಕಟ್ಟಿದ ಪೀಪಲ್ಸ್ ವಾರ್, 2004ರ ಸೆಪ್ಟೆಂಬರ್‌ನಲ್ಲಿ ಎರಡು ಪಕ್ಷಗಳು ಕೂಡಿ ಆದ ಸಿಪಿಐ (ಮಾವೋವಾದಿ). ಕರ್ನಾಟಕದ ಶಾಖೆ ಮೊದಲು ರಾಯಚೂರಿನ ಕಡೆ ಬೇರು ಬಿಡಲು ನೋಡಿ, ಶತಮಾನ ತಿರುಗುವ ಹೊತ್ತಿಗೆ ಮಲೆನಾಡಿಗೆ ಬಂತು. ಅಲ್ಲಿ ನೆಲ ಹದವಾಗಿತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ 2001ರಲ್ಲಿ ಹೊರಬಿದ್ದು, ತಲೆತಲಾಂತರದಿಂದ ಕಾಡಿನೊಳಗಿದ್ದ ಮಲೆಕುಡಿಯರು, ಗೌಡಲು ಸಮುದಾಯದವರು ಎತ್ತಂಗಡಿಯ ಭಯದಲ್ಲಿದ್ದರು. ಸಂಘಟನೆಯ ಮುಖ್ಯ ನಾಯಕ ಸಾಕೇತ್ ರಾಜನ್ ಮೈಸೂರಿನವರು, ಪತ್ರಿಕೋದ್ಯಮ ಓದಿದವರು, ಸಾಕಿ ಎಂಬ ಹೆಸರಿನಲ್ಲಿ ‘ಮೇಕಿಂಗ್ ಹಿಸ್ಟರಿ’ ಎಂಬ ಕರ್ನಾಟಕದ ಜನರ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದವರು. 2003ರ ನವೆಂಬರ್‌ನಲ್ಲಿ ಕಾರ್ಕಳದ ಬಳಿಯ ಈದುವಿನಲ್ಲಿ ಸಂಘಟನೆಯ ಹಾಜಿಮಾ ಮತ್ತು ಪಾರ್ವತಿ ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರುವರಿ 6ರಂದು ಸಾಕೇತ್ ಕೂಡ ಹಾಗೆಯೇ ಸತ್ತರು. ವಾರ ಕಳೆಯುವುದರೊಳಗೆ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ರಾತ್ರಿ ದಾಳಿ ನಡೆದು ಹಲವರು ಹೆಣವಾದರು. ಅದೇ ವರ್ಷದ ಮೇ ತಿಂಗಳಲ್ಲಿ, ಸಾಕೇತ್ ಇರವಿನ ಸುಳಿವು ಕೊಟ್ಟನೆಂಬ ಆರೋಪ ಹೊರಿಸಿ ಮಲೆನಾಡಿನ ಹಳ್ಳಿಗನೊಬ್ಬನನ್ನು ಸಂಘಟನೆ ಕೊಂದಿತು. ಮುಂದಿನ ಎರಡು ದಶಕ ಇದೇ ಸರಪಳಿ. ಅದರ ಕೊನೆಯ ಕೊಂಡಿ 2024ರ ನವೆಂಬರ್ 18ರಂದು ಹೆಬ್ರಿ ಬಳಿಯ ಪೀತಬೈಲಿನಲ್ಲಿ ಸತ್ತ ವಿಕ್ರಂ ಗೌಡ.

ಹಿಂಸೆ ಎಂಬುದನ್ನು ಒಂದೇ ಮುದ್ದೆಯಾಗಿ ನೋಡಿದರೆ ಇದರ ಬಗ್ಗೆ ಎರಡೇ ಮಾತು ಸಾಧ್ಯ: ಎಲ್ಲವೂ ತಪ್ಪು, ಇಲ್ಲವೇ ಗುರಿ ಒಳ್ಳೆಯದಾದರೆ ಎಲ್ಲವೂ ಸರಿ. ಎರಡೂ ಸೋಮಾರಿ ಮಾತುಗಳು. ಗೊಂಕನ ಮತ ಇದಕ್ಕಿಂತ ಸೂಕ್ಷ್ಮವಾಗಿ ಲೆಕ್ಕ ಹಾಕಿದೆ. ಗೃಹಸ್ಥನಾದವನು ಹಿಂಸೆಯನ್ನು ಪೂರ್ತಿ ಬಿಡಲಾರ ಎಂಬುದು ಜೈನ ಆಚಾರ್ಯರಿಗೆ ಗೊತ್ತಿತ್ತು. ಅದಕ್ಕೇ ನಾಲ್ಕು ಬಗೆ ಮಾಡಿದರು. ಅಡುಗೆ, ಗುಡಿಸುವುದು, ಬೀಸುವುದು ಮುಂತಾದ ಮನೆಗೆಲಸದಲ್ಲಿ ಆಗುವುದು ಆರಂಭೀ ಹಿಂಸೆ. ಉಳುಮೆ, ವ್ಯಾಪಾರದಂಥ ಕಸುಬಿನಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು ವಿರೋಧೀ. ಕೊಲ್ಲಬೇಕೆಂದು ಮನಸ್ಸು ಮಾಡಿ ಕೊಲ್ಲುವುದು ಸಂಕಲ್ಪೀ. ಮೊದಲ ಮೂರನ್ನು ಗೃಹಸ್ಥ ಆದಷ್ಟು ತಗ್ಗಿಸಬೇಕು, ನಾಲ್ಕನೆಯದನ್ನು ಬಿಡಲೇಬೇಕು. ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ತಲೆದೂಗಿದ್ದು. ಕೃತ, ಕಾರಿತ, ಅನುಮೋದಿತ ಎಂಬ ಈ ಮೂರಕ್ಕೂ ಪಾಪ ಅಂಟುತ್ತದೆ. ಆತ್ಮ, ಕರ್ಮ, ಮೋಕ್ಷಗಳನ್ನು ನಂಬದವರೂ ಈ ಲೆಕ್ಕವನ್ನು ಬಳಸಬಹುದು. ಯಾರು ಮನಸ್ಸು ಮಾಡಿದರು, ಯಾರು ಮಾಡಿಸಿದರು, ಯಾರು ಒಪ್ಪಿದರು ಎಂದು ಬಿಡಿಸಿ ಕೇಳುವುದು ಅದರ ಗುಣ.

ತೇರದಾಳಕ್ಕೆ ದೂರವಲ್ಲದ ಹಲಗಲಿಯನ್ನು ಈ ಲೆಕ್ಕದಲ್ಲಿ ಇಟ್ಟು ನೋಡೋಣ. ಮುಧೋಳ ಸಂಸ್ಥಾನದ ಆ ಊರಿನ ಬೇಡರಿಗೆ ಆಯುಧವೆಂದರೆ ಹೊಟ್ಟೆಪಾಡು, ಮಾನ, ಮೈಯ ಒಂದು ಅಂಗ. 1857ರಲ್ಲಿ ಇಂಗ್ಲಿಷರು ಹತಾರುಗಳನ್ನು ಒಪ್ಪಿಸಬೇಕೆಂದು ಕಾಯ್ದೆ ತಂದಾಗ ಊರಿನವರು ಕೂಡಿ ಮಾತಾಡಿ, ಕೊಡುವುದಿಲ್ಲವೆಂದು ತೀರ್ಮಾನಿಸಿದರು. ಜಡಗ, ಬಾಲ, ಹನುಮ, ರಾಮರ ಹೆಸರುಗಳನ್ನು ಲಾವಣಿ ಉಳಿಸಿದೆ. ನವೆಂಬರ್ ಕೊನೆಯಲ್ಲಿ ಕುದುರೆಪಡೆ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ ಸೆರೆಯಾದವರನ್ನು ಗಲ್ಲಿಗೇರಿಸಲಾಯಿತು. ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಆ ಲಾವಣಿಯಲ್ಲಿ ಮನಸ್ಸಿಗೆ ನಾಟುವುದು ಕಾಳಗದ ವರ್ಣನೆಗಿಂತ ಲೂಟಿಯ ಪಟ್ಟಿ. ಬೆಣ್ಣೆ, ಉಪ್ಪು, ಅರಿಶಿನ, ಜೀರಿಗೆ, ಬೆಲ್ಲ, ಕೊನೆಗೆ ಮಂಗಳಸೂತ್ರ, ಬೀಸುವ ಕಲ್ಲು. ಲಾವಣಿಕಾರ ಒಂದು ಅಡುಗೆಮನೆಯನ್ನೇ ಎತ್ತಿ ತೋರಿಸುತ್ತಾನೆ. ಹಲಗಲಿಯವರು ಕಾಪಾಡಲು ಹೋದದ್ದು ಏನನ್ನು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅವರೂ ಕೊಂದರು, ಅವರೂ ಸೋತರು. ಆದರೆ ಆಯುಧ ಅವರದು, ಅಡುಗೆಮನೆ ಅವರದು, ಬೇಡವೆಂದು ಹೇಳಿದ ಬಾಯಿಯೂ ಅವರದೇ. ತೀರ್ಮಾನದ ಬೆಲೆ ತೆತ್ತವರೇ ತೀರ್ಮಾನ ಮಾಡಿದವರು. ಇದು ವಿರೋಧೀ ಹಿಂಸೆಯ ಅಚ್ಚು ನಮೂನೆ.

ಸಾಕೇತ್ ಅವರ ಇತಿಹಾಸದ ಎರಡನೆಯ ಸಂಪುಟ 1800ರಿಂದ 1857ರವರೆಗಿನ ಸಶಸ್ತ್ರ ಹೋರಾಟಗಳ ಕಾಲವನ್ನು ಹಿಡಿಯುತ್ತದೆ. ಅದು ನಿಲ್ಲುವ ವರ್ಷವೇ ಹಲಗಲಿ ಉರಿದ ವರ್ಷ. ಮಲೆನಾಡಿನ ಬಂದೂಕಿಗೆ ಆ ಹಳೆಯ ಬಂಡಾಯಗಳ ವಾರಸುದಾರಿಕೆ ಇದೆ ಎಂದು ತೋರಿಸುವುದು ಅಂಥ ಬರವಣಿಗೆಯ ಆಸೆ. ನನ್ನ ತಕರಾರು ಇರುವುದು ಇಲ್ಲಿಯೇ. ಗುಪ್ತ ಸಶಸ್ತ್ರ ಪಕ್ಷದ ರಚನೆಯೇ ಹಲಗಲಿಗೆ ತಿರುಗುಮುರುಗು. ಪೊಲೀಸರಿಂದ ಉಳಿಯಬೇಕಾದರೆ ಅದು ಗುಟ್ಟಾಗಿರಬೇಕು. ಗುಟ್ಟಾಗಿರಬೇಕಾದರೆ ಊರನ್ನು ಕೂಡಿಸಿ ಕೇಳುವಂತಿಲ್ಲ. ಕೇಳದೆ ಮಾಡಿದ್ದರ ಫಲ ಮಾತ್ರ ಊರಿಗೇ ಬರುತ್ತದೆ: ರಾತ್ರಿ ಅನ್ನ ಕೇಳಿ ಬಂದವರಿಗೆ ಬಡಿಸಿದರೆ ಪೊಲೀಸರ ಭಯ, ಬಡಿಸದಿದ್ದರೆ ಬಂದವರ ಭಯ. 2005ರಲ್ಲಿ ಹಳ್ಳಿಗನನ್ನು ಕೊಂದಾಗ ಆರೋಪ ಮಾಡಿದವರು, ವಿಚಾರಿಸಿದವರು, ತೀರ್ಪು ಕೊಟ್ಟವರು, ಜಾರಿ ಮಾಡಿದವರು ಎಲ್ಲರೂ ಒಂದೇ ಪಕ್ಷದವರು. ಯಾವ ಜನರ ನ್ಯಾಯವೆಂದು ಅದನ್ನು ಕರೆದರೋ ಆ ಜನರು ಆ ಪಂಚಾಯಿತಿಯಲ್ಲಿ ಇರಲಿಲ್ಲ. ಕೊಂದದ್ದರ ತಪ್ಪು ಒಂದು. ಯಾರ ಹೆಸರಿನಲ್ಲಿ ಕೊಂದರೋ ಅವರಿಂದ ಬೇಡ ಎನ್ನುವ ಬಾಯಿಯನ್ನೇ ಕಿತ್ತುಕೊಂಡದ್ದು ಅದಕ್ಕಿಂತ ಆಳದ ತಪ್ಪು. ನೇಮಿಗೆ ರಥ ನಿಲ್ಲಿಸಲು ಆಯಿತು. ಮಲೆನಾಡಿನ ಬಡವರಿಗೆ ತಮ್ಮ ಹೆಸರಿನಲ್ಲಿ ಓಡುತ್ತಿದ್ದ ರಥದ ಲಗಾಮು ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ.

ಇವರು ಹೊರಗಿನವರೇನೂ ಆಗಿರಲಿಲ್ಲ ಎಂಬ ಆಕ್ಷೇಪ ಬರುತ್ತದೆ, ಬರಬೇಕು. ವಿಕ್ರಂ ಗೌಡ ಹೆಬ್ರಿ ಕಡೆಯ ಹುಡುಗ. ಶರಣಾದವರಲ್ಲಿ ಮುಂಡಗಾರು ಲತಾ, ಸುಂದರಿ ಕುತ್ಲೂರು, ವನಜಾಕ್ಷಿ ಬಾಳೆಹೊಳೆ, ಈ ಮೂವರ ಹೆಸರಿನಲ್ಲೇ ಮಲೆನಾಡಿನ ಊರುಗಳಿವೆ. ಪುಸ್ತಕ ಓದಿ ಕಾಡು ಸೇರಿದವರು ಇವರಲ್ಲ. ಮನೆ ಬಾಗಿಲಿಗೆ ಬಂದ ಅನ್ಯಾಯವನ್ನು ಕಂಡು ಹೋದವರು. ಅವರ ಸಿಟ್ಟಿನ ಸಾಚಾತನವನ್ನು ಅನುಮಾನಿಸುವುದು ಸಣ್ಣತನ. ಆದರೂ ಆಕ್ಷೇಪ ತಾನು ಹೇಳಬೇಕೆಂದದ್ದನ್ನು ಸಾಧಿಸುವುದಿಲ್ಲ. ಒಂದು ಊರಿನಲ್ಲಿ ಹುಟ್ಟಿದ್ದು ತನಗಾಗಿ ಹೋರಾಡುವ ಹಕ್ಕನ್ನು ಕೊಡುತ್ತದೆ, ನೆರೆಮನೆಯವನ ಪರವಾಗಿ ಮುಖ್ತ್ಯಾರು ಪತ್ರ ಕೊಡುವುದಿಲ್ಲ. ಎಂಟು ಹತ್ತು ಮಂದಿಯ ತಂಡ ಹಲವು ತಾಲೂಕುಗಳ ಜನರ ಸಂಕಲ್ಪ ತನ್ನದೇ ಎಂದು ಹೇಳಿದರೆ, ಆ ಮಾತನ್ನು ಒರೆಗೆ ಹಚ್ಚುವ ಬಗೆ ಯಾವುದು? ಸಂಘ ಕಟ್ಟಿ, ಸಭೆ ಕರೆದು, ಚುನಾವಣೆಗೆ ನಿಂತು ಸೋತವರಿಗೆ ತಮ್ಮ ಜೊತೆ ಎಷ್ಟು ಜನ ಇದ್ದಾರೆಂದು ತಿಳಿಯುತ್ತದೆ. ಬಂದೂಕು ಹಿಡಿದವರಿಗೆ ಅದು ಎಂದೂ ತಿಳಿಯುವುದಿಲ್ಲ. ಎದುರಿಗಿರುವವರು ತಲೆಯಾಡಿಸುವುದು ಒಪ್ಪಿಗೆಯಿಂದಲೋ ಅಂಜಿಕೆಯಿಂದಲೋ ಎಂಬ ವ್ಯತ್ಯಾಸ ಆಯುಧದ ಮುಂದೆ ಅಳಿಸಿಹೋಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಸರ್ಕಾರದ ಹಿಂಸೆಯ ಮುಂದೆ ಇವರದು ಎಷ್ಟರದು? 2007ರ ಜುಲೈನಲ್ಲಿ ಶೃಂಗೇರಿ ಸೀಮೆಯ ಒಡೆಯರಮಠದಲ್ಲಿ ಪೊಲೀಸರ ಗುಂಡಿಗೆ ಐವರು ಸತ್ತಾಗ, ಅವರಲ್ಲಿ ಹೆಚ್ಚಿನವರು ಬರೀ ಹಳ್ಳಿಗರು ಎಂದು ಹಕ್ಕುಗಳ ಸಂಘಟನೆಗಳು ವಾದಿಸಿದವು. ಎನ್‌ಕೌಂಟರ್ ಸಾವುಗಳನ್ನು ಹೇಗೆ ತನಿಖೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹದಿನಾರು ಸೂಚನೆಗಳನ್ನು ಕೊಡಬೇಕಾಗಿ ಬಂದದ್ದೇ ದೇಶದ ಸ್ಥಿತಿಗೆ ಸಾಕ್ಷಿ. ಈ ಆಕ್ಷೇಪದ ಒಂದು ಅಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ, ಏಕೆಂದರೆ ಇಲ್ಲಿ ಹಿಡಿದ ಅಳತೆಗೋಲು ಸರ್ಕಾರಕ್ಕೂ ಅದೇ. ಬದುಕಿ ಸಿಕ್ಕಬಹುದಾದವನನ್ನು ಸುತ್ತುಗಟ್ಟಿ ಕೊಂದರೆ ಅದು ಸಂಕಲ್ಪೀ ಹಿಂಸೆ. ಖಾಕಿ ಹಾಕಿದ್ದರಿಂದ ಅದು ವಿರೋಧೀ ಆಗುವುದಿಲ್ಲ. ಅದು ನಡೆಯುವುದೂ ಜನರ ಹೆಸರಿನಲ್ಲಿಯೇ, ಅಂದರೆ ನಮ್ಮ ಹೆಸರಿನಲ್ಲಿ. ಬೆಳಗಿನ ಪತ್ರಿಕೆ ಓದಿ ಒಳ್ಳೆಯದಾಯಿತು ಎಂದವರು ಅನುಮೋದಿತದ ಲೆಕ್ಕಕ್ಕೆ ಸೇರುತ್ತಾರೆ. ಮುಧೋಳದ ರನ್ನ ತನ್ನ ಅರಸನನ್ನೇ ಭೀಮನಾಗಿ ನಿಲ್ಲಿಸಿ ಗದಾಯುದ್ಧ ಬರೆದ. ಆದರೆ ಅದೇ ಕಾವ್ಯದಲ್ಲಿ ದುರ್ಯೋಧನ ರಣರಂಗದಲ್ಲಿ ನಡೆಯುತ್ತ, ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಎದುರಾಳಿಯನ್ನು ಹೆಸರಿಲ್ಲದ ಹಣೆಪಟ್ಟಿಯಾಗಿಸಲು ಆ ಜೈನ ಕವಿಗೆ ಮನಸ್ಸು ಬರಲಿಲ್ಲ. ನಮ್ಮ ಕಾಲದಲ್ಲಿ ಪಕ್ಷ ‘ಮಾಹಿತಿದಾರ’ ಎಂದಿತು, ಪೊಲೀಸ್ ಪ್ರಕಟಣೆ ‘ನಕ್ಸಲ್’ ಎಂದಿತು. ಎರಡೂ ಕಡೆ ಹಣೆಪಟ್ಟಿ ಅಂಟಿದ ಮೇಲೆ ಮನುಷ್ಯನನ್ನು ವಿಚಾರಿಸುವ ಕೆಲಸ ಮುಗಿಯಿತು. ಸರ್ಕಾರದ ತಪ್ಪು ದೊಡ್ಡದೆಂಬುದು ನಿಜ. ಅದರಿಂದ ಸಂಘಟನೆಯ ತಪ್ಪು ಸರಿಯಾಗುವುದಿಲ್ಲ. ಇಬ್ಬರ ನಡುವೆ ಸಿಕ್ಕ ಹಳ್ಳಿಗನ ಪಾಲಿಗೆ ಎರಡೂ ಕೂಡಿ ಹೊರೆಯಾಗುತ್ತವೆ, ಅಷ್ಟೆ.

ಬಂದೂಕಿಲ್ಲದೆ ಬಡವರ ಮಾತನ್ನು ಕೇಳಿದವರು ಯಾರು ಎನ್ನುವುದು ಮೂರನೆಯ ಆಕ್ಷೇಪ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಉತ್ತರಗಳಿವೆ. 1980ರ ಜುಲೈನಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಹಾಡಹಗಲೇ ಬೀದಿಗಿಳಿದರು. ಅಲ್ಲಿಯೂ ಗುಂಡು ಹಾರಿತು, ಜೀವ ಹೋಯಿತು. ಆ ಚಳವಳಿ ರೈತಸಂಘದ ಅಲೆ ಏಳಿಸಿತು, 1983ರಲ್ಲಿ ಸರ್ಕಾರ ಬದಲಾಗಲು ಒಂದು ಕಾರಣವಾಯಿತು. ಇನ್ನೂ ಹತ್ತಿರದ ಉದಾಹರಣೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ. ಸರ್ಕಾರದ ದಾರಿ ಕಾದು ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಮೈಬಗ್ಗಿಸಿ, 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಹೆಸರೇ ಕಥೆ ಹೇಳುತ್ತದೆ. ಎರಡು ವರ್ಷದ ಮೇಲೆ ಅದೇ ನ್ಯಾಮಗೌಡರು ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಆದರೆ ಈ ಉದಾಹರಣೆಗಳಿಗೆ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ನರಗುಂದದ ರೈತನಿಗೂ ಚಿಕ್ಕಪಡಸಲಗಿಯ ರೈತನಿಗೂ ಹೊಲವಿತ್ತು, ಜಾತಿಯ ಬಲವಿತ್ತು, ಓಟಿನ ತೂಕವಿತ್ತು. ಕಾಡಿನೊಳಗಿನ ಮಲೆಕುಡಿಯನಿಗೆ ಪಹಣಿಯಲ್ಲಿ ಹೆಸರೇ ಇರಲಿಲ್ಲ. ಬ್ಯಾರೇಜಿಗೆ ವಂತಿಗೆ ಎತ್ತುವವನಿಗೆ ಹೇಳುವ ಬುದ್ಧಿಮಾತನ್ನು ಅವನಿಗೂ ಹೇಳುವುದು ಕ್ರೌರ್ಯ. ಒಪ್ಪಿದೆ. ಆದರೆ ಬಂದೂಕು ಅವನ ತೂಕವನ್ನು ಹೆಚ್ಚಿಸಿತೇ? ಉದ್ಯಾನದ ವಿರುದ್ಧ ಅವನು ಬಹಿರಂಗವಾಗಿ ಎತ್ತಿದ್ದ ದನಿಯ ಮೇಲೆ ನಕ್ಸಲ್ ಬೆಂಬಲಿಗನೆಂಬ ಅನುಮಾನದ ನೆರಳು ಬಿತ್ತು. ದುರ್ಬಲನ ಕೈಯಲ್ಲಿದ್ದ ಒಂದೇ ಬಂಡವಾಳ ಅವನ ನಿಷ್ಕಪಟ ಅಹವಾಲು; ಅವನ ಪರವಾಗಿ ಹಾರಿದ ಗುಂಡು ಅದನ್ನೂ ಕಳೆಯಿತು.

ಕೊನೆಯ ಆಕ್ಷೇಪ ತತ್ವದ್ದು. ಜೈನರ ಲೆಕ್ಕ ಆತ್ಮಶುದ್ಧಿಯದು, ಚರಿತ್ರೆಯನ್ನು ಅದರಿಂದ ಅಳೆಯಬಾರದು. ನೀತಿಯೂ ವರ್ಗಕ್ಕೆ ತಕ್ಕಂತೆ ಇರುತ್ತದೆ, ಆಳುವವರ ನೀತಿಯನ್ನು ಆಳಿಸಿಕೊಳ್ಳುವವರ ಮೇಲೆ ಹೇರಬಾರದು ಎಂದು ಮಾರ್ಕ್ಸ್‌ವಾದಿ ಗೆಳೆಯರು ಹೇಳುತ್ತಾರೆ. ಮೊದಲ ಭಾಗಕ್ಕೆ ಗೊಂಕನೇ ಉತ್ತರ. ಈ ಲೆಕ್ಕ ಕಟ್ಟಿದ ಪರಂಪರೆ ಯುದ್ಧ ಮಾಡುವವರ ನಡುವೆ, ಅವರ ದತ್ತಿಯಲ್ಲಿ ಬೆಳೆಯಿತು; ರಾಜಕಾರಣದ ಬಿಸಿ ಅದಕ್ಕೆ ಗೊತ್ತಿತ್ತು. ಎರಡನೆಯ ಭಾಗಕ್ಕೆ ಕ್ರಾಂತಿಕಾರಿಗಳ ಚರಿತ್ರೆಯಲ್ಲೇ ಉತ್ತರವಿದೆ. 1905ರ ಫೆಬ್ರುವರಿಯಲ್ಲಿ ಮಾಸ್ಕೋದಲ್ಲಿ ಗ್ರ್ಯಾಂಡ್ ಡ್ಯೂಕ್ ಸೆರ್ಗೆಯ ಗಾಡಿಗೆ ಬಾಂಬ್ ಎಸೆಯಲು ನಿಂತಿದ್ದ ಕಲ್ಯಾಯೆವ್, ಒಳಗೆ ಡ್ಯೂಕ್‌ನ ಹೆಂಡತಿ ಮತ್ತು ತಮ್ಮನ ಮಕ್ಕಳು ಕೂತದ್ದು ಕಂಡು ಕೈ ತಡೆದ. ಎರಡು ದಿನದ ಮೇಲೆ ಡ್ಯೂಕ್ ಒಬ್ಬನೇ ಬಂದಾಗ ಎಸೆದ, ಓಡಿಹೋಗದೆ ಸಿಕ್ಕ, ಗಲ್ಲಿಗೇರಿದ. ಅವನು ಮಾಡಿದ್ದೂ ಸಂಕಲ್ಪೀ ಹಿಂಸೆಯೇ, ನಾನು ಅದನ್ನು ಸರಿ ಎನ್ನಲಾರೆ. ಆದರೆ ಆ ಒಂದು ಕ್ಷಣ ಅವನನ್ನು ತಡೆದದ್ದು ಆಳುವವರ ನೀತಿಯಲ್ಲ. ಕೊಲೆಯ ಲೆಕ್ಕ ತನ್ನ ತಲೆಗೇ ಬರುತ್ತದೆ ಎಂಬ ಅರಿವು. ‘ಚರಿತ್ರೆ ಬೇಡಿತು, ಪಕ್ಷ ತೀರ್ಮಾನಿಸಿತು’ ಎಂದಾಗ ಕಳೆದುಹೋಗುವುದು ಈ ಅರಿವು. ಚರಿತ್ರೆಗೆ ಕೈಗಳಿಲ್ಲ, ಕೊಲ್ಲುವುದು ಯಾವಾಗಲೂ ಒಬ್ಬ ಮನುಷ್ಯನ ಕೈಯೇ.

ಸಂಘಟನೆಯೊಳಗೇ ಈ ಅರಿವು ಮೊಳೆತಿತ್ತು ಎಂಬುದಕ್ಕೆ ಅದರ ಒಡಕೇ ಪುರಾವೆ. 2006ರಲ್ಲಿ ಸಿರಿಮನೆ ನಾಗರಾಜ್, ನೂರ್ ಝುಲ್ಫಿಕರ್ ಮತ್ತು ಇನ್ನು ಕೆಲವರು ಹೋರಾಟದ ದಾರಿಯ ಬಗ್ಗೆ ಭಿನ್ನಮತ ತಾಳಿ ಪಕ್ಷ ಬಿಟ್ಟರು. ಅವರು ಬಹಿರಂಗ ಬದುಕಿಗೆ ಬಂದದ್ದು 2014ರ ಡಿಸೆಂಬರ್‌ನಲ್ಲಿ, ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಮುಂತಾದವರು ಸರ್ಕಾರದೊಡನೆ ಮಾತಾಡಿ ದಾರಿ ಮಾಡಿಕೊಟ್ಟ ಮೇಲೆ. ರಥ ನಿಲ್ಲಿಸಲಾಗದವರು ರಥದಿಂದ ಇಳಿದರು, ಇಳಿದು ಊರು ಸೇರಲು ಎಂಟು ವರ್ಷ ಹಿಡಿಯಿತು. ಗಾಂಧಿಯ ಕಾಲದ ಮುದುಕರಾದ ದೊರೆಸ್ವಾಮಿ ಮಾವೋನ ಹಾದಿಯಲ್ಲಿ ಹೋದವರ ಕೈಹಿಡಿದು ಕರೆತಂದ ಈ ಪ್ರಸಂಗಕ್ಕೆ ಸಿಕ್ಕ ಗಮನ ಎನ್‌ಕೌಂಟರ್‌ಗಳಿಗೆ ಸಿಕ್ಕದ್ದಕ್ಕಿಂತ ಬಹಳ ಕಡಿಮೆ. ನನ್ನ ಮಟ್ಟಿಗೆ ಈ ಸಂಘಟನೆಯ ಇಡೀ ಇತಿಹಾಸದಲ್ಲಿ ಎಲ್ಲಕ್ಕಿಂತ ಧೈರ್ಯದ ಕೆಲಸ ಅದೇ.

ಈಗ ಬಂದೂಕು ಕೆಳಗಿಳಿದಿದೆ. ಭೂಮಿ, ಕಾಡು, ಎತ್ತಂಗಡಿಯ ಅಹವಾಲುಗಳನ್ನು ಶರಣಾದವರು ಸರ್ಕಾರದ ಮುಂದೆ ಇಟ್ಟಿದ್ದಾರೆ. ಅವು ಬಂದೂಕಿಗಿಂತ ಹಳೆಯವು. 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕು ಗುರುತಿಸುವ ಕೆಲಸದ ಮೊದಲ ಹೆಜ್ಜೆಯನ್ನು ಗ್ರಾಮಸಭೆಗೆ ಒಪ್ಪಿಸಿದೆ. ವನ್ಯಜೀವಿಗಳ ಹೆಸರಿನಲ್ಲಿ ಜನರನ್ನು ಬೇರೆಡೆ ಸಾಗಿಸಬೇಕಾದರೆ ಆ ಗ್ರಾಮಸಭೆ ತಿಳಿದು, ಒತ್ತಾಯವಿಲ್ಲದೆ, ಬರಹದಲ್ಲಿ ಒಪ್ಪಿಗೆ ಕೊಡಬೇಕು ಎನ್ನುತ್ತದೆ. ಪಕ್ಷವೂ ಕೊಡದ, ಪೊಲೀಸರೂ ಕೊಡದ ರಥ ನಿಲ್ಲಿಸುವ ಹಕ್ಕು ಅದೇ. ಮಲೆನಾಡಿನ ಹಾಡಿಯೊಂದರಲ್ಲಿ ಗ್ರಾಮಸಭೆ ಕೂತು ಬೇಡ ಎಂದ ದಿನ, ಅದನ್ನು ಕೇಳಿ ಸರ್ಕಾರ ನಿಂತರೆ, ಕರ್ನಾಟಕ ನಕ್ಸಲ್‌ಮುಕ್ತವಾಯಿತು ಎಂದು ಆಗ ಬರೆಯೋಣ.